ಮುಗ್ಧತೆಯೋ, ದಾಕ್ಷಿಣ್ಯವೋ?

ಪ್ರಿಯ ಸೋದರಿಯರೇ,

ಮಧ್ಯಾಹ್ನದ ಊಟ ಮುಗಿದು, ಪಾತ್ರೆಗಳನ್ನು ಬೋರಲು ಹಾಕಿ, ಒಂದಷ್ಟು ಹೊತ್ತು ಕಾಲು ಚಾಚಿ ಕುಳಿತಿದ್ದೀರಿ ತಾನೇ? ಹಾಗಾದರೆ ಈ ಸಲ ನಮ್ಮ ಮಾತು ಒಂದು ಪತ್ರದಿಂದಲೇ ಶುರುವಾಗಲಿ. ಹದಿನೈದು ದಿನಕ್ಕೊಮ್ಮೆ ನಿಮ್ಮ ಪತ್ರಗಳನ್ನೆಲ್ಲ ಹರಡಿಕೊಂಡು ಕೂರುವುದೆಂದರೆ ನನಗೊಂದು ಹಬ್ಬ. ಹುಳಿಪುಡಿಯ ಅಳತೆ ಕೇಳುವವರಿದ್ದಾರೆ, ಕೂದಲು ಉದುರುವುದಕ್ಕೆ ಮದ್ದು ಕೇಳುವವರಿದ್ದಾರೆ, ಸೊಸೆ ಮಾತಾಡಿಸುವುದಿಲ್ಲ ಎಂದು ಕಣ್ಣೀರಿಡುವವರಿದ್ದಾರೆ. ಈ ಬಾರಿ ಬಂದ ಒಂದು ಪತ್ರವನ್ನು ಮಾತ್ರ ನಾನು ಮೂರು ಸಲ ಓದಿದೆ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಹಾಕುವುದಿಲ್ಲ. ಆದರೆ ಅವರ ಮಾತು ನಮ್ಮೆಲ್ಲರ ಮಾತೂ ಹೌದು ಅನ್ನಿಸಿದ್ದರಿಂದ, ಅವರ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ.

ಆಕೆಗೆ 49 ವರ್ಷ. ಯಜಮಾನರದು ಸಣ್ಣ ಅಂಗಡಿ. ಮಗ, ಸೊಸೆ, ಮೂರು ವರ್ಷದ ಮೊಮ್ಮಗಳು ಇರುವ ತುಂಬಿದ ಮನೆ. ಬೇಸಿಗೆ ಬಂತೆಂದರೆ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಮಾಡಿ ಮಾರಿ, ನಾಲ್ಕಾರು ವರ್ಷದಲ್ಲಿ 42,000 ರೂಪಾಯಿ ಕೂಡಿಸಿಟ್ಟಿದ್ದರು. ಒಂದು ದಿನ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಫೋನು ಬಂತು. ಆ ಕಡೆಯ ಗಂಡಸು ಬಹಳ ಮರ್ಯಾದೆಯಿಂದ "ಅಮ್ಮಾ" ಎಂದು ಕರೆದ. ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ, ನಿಮ್ಮ ಕೆವೈಸಿ ಆಗಿಲ್ಲ, ಸಂಜೆಯೊಳಗೆ ಖಾತೆ ನಿಂತುಹೋಗುತ್ತದೆ ಎಂದ. ಕಾರ್ಡಿನ ಮೇಲಿನ ನಂಬರು ಕೇಳಿದ. ಆಮೇಲೆ ಫೋನಿಗೆ ಬಂದ ಒಟಿಪಿ ಕೇಳಿದ. ಹೇಳಿದರು. ಒಲೆ ಆರಿಸಿ ಬರುವಷ್ಟರಲ್ಲಿ ಹಣವೂ ಇಲ್ಲ, ಆ ಮರ್ಯಾದಸ್ಥನೂ ಇಲ್ಲ.

ಹಣ ಹೋದದ್ದಕ್ಕಿಂತ ಆಮೇಲೆ ಆದದ್ದೇ ಅವರನ್ನು ಹೆಚ್ಚು ನೋಯಿಸಿದೆ. ಮನೆಯವರು ಬೈಯಲಿಲ್ಲವಂತೆ. "ಬೈದಿದ್ದರೆ ವಾಸಿಯಾಗ್ತಿತ್ತು. 'ಹೋಗ್ಲಿ ಬಿಡಿ, ಅಮ್ಮ ಪಾಪ, ಮುಗ್ಧೆ' ಅಂತ ನಗ್ತಾರೆ" ಎಂದು ಬರೆದಿದ್ದಾರೆ. ಬಂದ ನೆಂಟರ ಮುಂದೆಯೂ ಅದೇ ಮಾತು.

ಇನ್ನೊಂದು ಸಂಗತಿಯಿದೆ. ಆಕೆ ಕಸೂತಿ ಹಾಕುತ್ತಾರೆ. ಹಳೆಯ ಹತ್ತಿ ಸೀರೆಯೊಂದರ ಮೇಲೆ ತಮ್ಮ ತವರೂರಿನ ಜಾತ್ರೆಯನ್ನು ಬಣ್ಣಬಣ್ಣದ ದಾರದಲ್ಲಿ ಹೊಲಿಯುತ್ತಿದ್ದರು. ತೇರು, ಬಳೆಗಾರ, ಬತ್ತಾಸಿನ ಅಂಗಡಿ, ಇವರ ಕೈ ಹಿಡಿದ ಅಮ್ಮ. ಯಾರೂ ಕಲಿಸಿದ್ದಲ್ಲ, ಮನಸ್ಸಿಗೆ ಬಂದ ಹಾಗೆ ಹೊಲಿದದ್ದು. ಒಂದು ದಿನ ಮಗ ನೋಡಿ, "ಏನಮ್ಮ ಇದು, ಅಜ್ಜಿ ತೇರಿನಷ್ಟೇ ಎತ್ತರ ಇದ್ದಾಳಲ್ಲ! ನಿನ್ನ ಬುದ್ಧಿ ಹ್ಯಾಗೋ ನಿನ್ನ ಕಸೂತಿನೂ ಹಾಗೇ" ಅಂದನಂತೆ. ಕೆಟ್ಟ ಮನಸ್ಸಿನಿಂದಲ್ಲ, ತಮಾಷೆಗೆ. ಆದರೆ ಅವತ್ತೇ ಆ ಸೀರೆ ಟ್ರಂಕು ಸೇರಿತು. ಈಗ ಅವರು ಹಪ್ಪಳ ಕೇಳಿ ಬಂದವರ ಜೊತೆಗೂ ಬಾಗಿಲ ಸಂದಿಯಲ್ಲೇ ಮಾತಾಡಿ ಕಳಿಸುತ್ತಾರಂತೆ.

ಕೊನೆಗೆ ಅವರು ಕೇಳಿರುವುದು ಇಷ್ಟು: "ಅಕ್ಕಾ, ಮುಗ್ಧತೆ ತಪ್ಪಾ? ಇನ್ನು ಮೇಲೆ ನಾನು ಯಾರನ್ನೂ ನಂಬಬಾರದಾ?"

ಇದಕ್ಕೆ ಥಟ್ಟನೆ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡುವುದು ಕಷ್ಟ. ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಮೊದಲು ಆ ಶಬ್ದವನ್ನೇ ನೋಡಿ. 'ಮುಗ್ಧ' ನಮಗೆ ಸಂಸ್ಕೃತದಿಂದ ಬಂದ ಮಾತು. 'ಮೋಹ' ಹುಟ್ಟಿದ ಮೂಲದಿಂದಲೇ ಇದೂ ಹುಟ್ಟಿದ್ದು. ಇದಕ್ಕೆ ತಿಳಿವಳಿಕೆಯಿಲ್ಲದ, ದಿಕ್ಕುತೋಚದ ಎಂಬ ಅರ್ಥವೂ ಉಂಟು, ಚೆಲುವಾದ, ಮನೋಹರವಾದ ಎಂಬ ಅರ್ಥವೂ ಉಂಟು. ಬೈಗುಳ, ಹೊಗಳಿಕೆ ಎರಡೂ ಒಂದೇ ಡಬ್ಬಿಯಲ್ಲಿ! ನಮ್ಮ ಹಳೆಯ ಕಾವ್ಯಶಾಸ್ತ್ರದವರು ನಾಯಿಕೆಯರನ್ನು ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂದು ಮೂರು ಬಗೆ ಮಾಡಿದರು. ಮುಗ್ಧೆ ಎಂದರೆ ಆಗಷ್ಟೇ ಹರೆಯಕ್ಕೆ ಬಂದವಳು, ನಾಚುವವಳು, ಕೋಪವನ್ನೂ ತೋರಿಸಲು ಬಾರದವಳು. ಪ್ರಗಲ್ಭೆ ಎಂದರೆ ಲೋಕ ಕಂಡವಳು, ಮಾತು ಬಲ್ಲವಳು. ಅಂದರೆ ಮುಗ್ಧೆಯಾಗಿರುವುದು ಒಂದು ಹಂತ ಎಂದು ಅವರಿಗೂ ಗೊತ್ತಿತ್ತು.

ನಮ್ಮ ಮನೆಗಳಲ್ಲಿ ಮಾತ್ರ ಹೆಣ್ಣುಮಕ್ಕಳನ್ನು ಆ ಒಂದೇ ಹಂತದಲ್ಲಿ ನಿಲ್ಲಿಸಿಬಿಡುವ ಆಸೆ. ಹೆಣ್ಣು ನೋಡಲು ಬಂದವರಿಗೆ ಏನು ಹೇಳುತ್ತಿದ್ದರು, ನೆನಪಿದೆಯೇ? "ನಮ್ಮ ಹುಡುಗಿ ಬಹಳ ಮುಗ್ಧೆ, ಹೊರಗಿನದು ಏನೂ ಗೊತ್ತಿಲ್ಲ." ಅದು ಆಗ ಗುಣ. ಒಡವೆ, ಹಾಡು, ಹಸೆಯ ಜೊತೆಗೆ ಅದೂ ಒಂದು ಯೋಗ್ಯತೆ. ಅದೇ ಹುಡುಗಿ ಮೂವತ್ತು ವರ್ಷ ಸಂಸಾರ ಮಾಡಿ, ಒಂದು ದಿನ ಮೋಸ ಹೋದರೆ, "ಇಷ್ಟೂ ಗೊತ್ತಾಗಲ್ವಾ?" ಅಂತ ಕೇಳುತ್ತಾರೆ. ಗೊತ್ತಾಗಬಾರದು ಅಂತಲೇ ಅಲ್ಲವೇ ಬೆಳೆಸಿದ್ದು!

ಈ ಮಾತನ್ನು ನಾನು ಕಟ್ಟೆಯ ಮೇಲೆ ಕುಳಿತು ಬುದ್ಧಿ ಹೇಳುವವಳ ಹಾಗೆ ಹೇಳುತ್ತಿಲ್ಲ. ನಾನೂ ಆ ನೀರಿಗೆ ಬಿದ್ದು ಎದ್ದವಳೇ.

ನನ್ನ ಮದುವೆ 1979ರಲ್ಲಿ. ಆಗ ನನಗೆ ಇಪ್ಪತ್ತು. ತವರಿನಲ್ಲಿ ನನ್ನ ಹೆಸರಿಗೆ ಒಂದು ಸೈಟು ಬರೆದುಕೊಟ್ಟಿದ್ದರು. 1984ರಲ್ಲಿ ನಮ್ಮ ಯಜಮಾನರ ಸ್ನೇಹಿತರೊಬ್ಬರು ಮನೆಗೆ ಬಂದರು. ಬಂದಾಗಲೆಲ್ಲ "ಅತ್ತಿಗೆ, ನಿಮ್ಮ ಕೈ ಕಾಫಿ ಕುಡಿದರೇನೇ ಸಮಾಧಾನ" ಅನ್ನುವವರು. ನಮ್ಮವರು ಊರಲ್ಲಿರಲಿಲ್ಲ. ಒಂದು ಸಹಕಾರ ಸಂಘದಲ್ಲಿ ಸಾಲ ತೆಗೆಯುತ್ತಿದ್ದೇನೆ, ಸುಮ್ಮನೆ ಹೆಸರಿಗೊಂದು ಸಹಿ, ಅಂದರು. ಕಾಗದದಲ್ಲಿ ನಾಲ್ಕು ಕಡೆ ಪೆನ್ಸಿಲಿನ ಗುರುತು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಕಾಗದ ಕನ್ನಡದಲ್ಲೇ ಇತ್ತು. 'ಜಾಮೀನು' ಅನ್ನುವ ಶಬ್ದ ಕಣ್ಣಿಗೂ ಬಿತ್ತು. ಇದೇನು ಅಂತ ಕೇಳಬೇಕು ಅನ್ನಿಸಿತು. ಮಾತು ಗಂಟಲವರೆಗೆ ಬಂದು ನಿಂತಿತು. ಎದುರಿಗೆ ಕಾಫಿ ಲೋಟ ಹಿಡಿದು ನಗುತ್ತ ಕುಳಿತವರನ್ನು ಹೇಗೆ ಕೇಳುವುದು? ಏನಂದುಕೊಳ್ತಾರೋ! ನಾಲ್ಕೂ ಕಡೆ ಸಹಿ ಹಾಕಿದೆ.

ಎರಡು ವರ್ಷಕ್ಕೆ ನೋಟೀಸು ಬಂತು. ಸ್ನೇಹಿತರು ಊರು ಬಿಟ್ಟಿದ್ದರು. ಸೈಟು ಉಳಿಸಿಕೊಳ್ಳಲು ನನ್ನ ಎರಡೆಳೆ ಸರ ಮಾರಿ ಸಾಲ ತೀರಿಸಿದೆವು. ನಮ್ಮವರು ತಿಂಗಳುಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. ಆದರೆ ನನ್ನ ಕಿವಿಯಲ್ಲಿ ಇವತ್ತಿಗೂ ಉಳಿದಿರುವುದು ನಮ್ಮ ಅತ್ತೆಯವರು ಹಿತ್ತಿಲಲ್ಲಿ ಹುರುಳಿಕಾಯಿ ಬಿಡಿಸುತ್ತ ಹೇಳಿದ ಮಾತು. ಅವರಿಗೆ ಅಕ್ಷರ ಬರುತ್ತಿರಲಿಲ್ಲ.

"ನಂಗೆ ಓದಕ್ಕೆ ಬರಲ್ಲ ಕಣೇ. ಅದಕ್ಕೇ ಯಾರಾದ್ರೂ ಓದಿ ಹೇಳೋ ತನಕ ನಾನು ಹೆಬ್ಬೆಟ್ಟು ಒತ್ತಲ್ಲ. ನಿಂಗೆ ಓದಕ್ಕೆ ಬರತ್ತೆ. ಓದಕ್ಕೇನಾಗಿತ್ತು?"

ನಿಜ, ಓದಕ್ಕೇನಾಗಿತ್ತು? ನನಗೆ ಅನುಮಾನ ಬಂದಿರಲಿಲ್ಲವೇ? ಬಂದಿತ್ತು. ಕಣ್ಣು ಕಂಡಿತ್ತು, ಮನಸ್ಸು ಕೇಳಿತ್ತು. ಬಾಯಿ ಮಾತ್ರ ಮುಚ್ಚಿಕೊಂಡಿತ್ತು. ಪತ್ರ ಬರೆದ ಸೋದರಿಯೂ ಇದನ್ನೇ ಬರೆದಿದ್ದಾರೆ, ಒಂದು ಸಾಲಿನಲ್ಲಿ, ಹೆಚ್ಚು ಮಹತ್ವ ಕೊಡದೆ: "ನಂಬರು ಹೇಳೋವಾಗ ಒಂದು ಕ್ಷಣ ಅನುಮಾನ ಬಂತು. ಆದರೆ ಅಷ್ಟು ಮರ್ಯಾದೆಯಿಂದ ಮಾತಾಡೋರನ್ನ ಹೇಗೆ ಕೇಳೋದು ಅಂತ ಸುಮ್ಮನಾದೆ."

ಸೋದರಿಯರೇ, ಇದನ್ನು ಮುಗ್ಧತೆ ಎಂದು ಕರೆಯಬೇಕೆ? ನನಗೆ ಹಾಗನ್ನಿಸುವುದಿಲ್ಲ. ಇದರ ಹೆಸರು ದಾಕ್ಷಿಣ್ಯ. ನಾವು ಇವೆರಡನ್ನೂ ಒಂದೇ ಎಂದುಕೊಂಡು ಇಷ್ಟು ವರ್ಷ ಮೋಸ ಹೋಗಿದ್ದೇವೆ.

ನಿಜವಾದ ಮುಗ್ಧತೆ ಹೇಗಿರುತ್ತದೆ ಅಂತ ನಿಮ್ಮ ಮನೆಯ ಮೂರು ವರ್ಷದ ಮಗುವನ್ನು ನೋಡಿ. ಅದು ಕೇಳದೆ ಬಿಡುತ್ತದೆಯೇ? ಬಂದ ಅತಿಥಿಯ ಮುಂದೆಯೇ "ಮಾಮಾ, ನಿಮ್ಮ ತಲೇಲಿ ಯಾಕೆ ಕೂದಲಿಲ್ಲ?" ಅನ್ನುತ್ತದೆ. ನಾವು ಮುಖ ಕೆಂಪು ಮಾಡಿಕೊಂಡು ಮಗುವಿನ ಬಾಯಿ ಮುಚ್ಚಿಸುತ್ತೇವೆ. ಮಗುವಿಗೆ ಕಂಡದ್ದೇ ಮಾತು. ಡೆನ್ಮಾರ್ಕಿನ ಕತೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಬರೆದ ಚಕ್ರವರ್ತಿಯ ಹೊಸ ಬಟ್ಟೆಯ ಕತೆ ನಿಮಗೆಲ್ಲ ಗೊತ್ತು. ಮಕ್ಕಳಿಗೆ ಹೇಳಿಯೂ ಇರುತ್ತೀರಿ. ಇಬ್ಬರು ಮೋಸಗಾರರು ಬರಿಯ ಮಗ್ಗ ಆಡಿಸಿ ಬಟ್ಟೆ ನೇಯ್ದೆವೆಂದರು. ದಡ್ಡರಿಗೆ ಈ ಬಟ್ಟೆ ಕಾಣುವುದಿಲ್ಲ ಎಂದು ಬೇರೆ ಹೇಳಿದರು. ಮಂತ್ರಿ, ಅಧಿಕಾರಿ, ಕೊನೆಗೆ ಚಕ್ರವರ್ತಿ, ಎಲ್ಲರೂ ಇಲ್ಲದ ಬಟ್ಟೆಯನ್ನು ಹೊಗಳಿದರು. ಬೀದಿಯಲ್ಲಿ ನಿಂತ ಮಗುವೊಂದು ಮಾತ್ರ, ಮೈಮೇಲೆ ಏನೂ ಇಲ್ಲವಲ್ಲ ಎಂದುಬಿಟ್ಟಿತು. ಇಡೀ ಕತೆಯಲ್ಲಿ ಮುಗ್ಧವಾಗಿದ್ದದ್ದು ಆ ಮಗು ಒಂದೇ, ಮೋಸ ಹೋಗದಿದ್ದದ್ದೂ ಅದೊಂದೇ. ಬುದ್ಧಿವಂತರನ್ನು ಕೆಡವಿದ್ದು 'ಏನಂದುಕೊಳ್ತಾರೋ' ಎಂಬ ಅಂಜಿಕೆ.

ಈಗ ಕಸೂತಿಯ ಮಾತಿಗೆ ಬರೋಣ. ಆಕೆಯ ಮಗ ನಕ್ಕದ್ದು ಇದಕ್ಕೂ ತಾನೇ? ಅದಕ್ಕಾಗಿ ಒಬ್ಬ ಅಜ್ಜಿಯ ಕತೆ ಹೇಳುತ್ತೇನೆ. ಆಕೆಯೂ ನಮ್ಮ ಹಾಗೆ ಗೃಹಿಣಿ, ಆಕೆಯೂ ಕಸೂತಿಯಿಂದಲೇ ಶುರು ಮಾಡಿದವರು.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ 1860ರಲ್ಲಿ ಹುಟ್ಟಿದ ಈ ಹೆಣ್ಣುಮಗಳ ಹೆಸರು ಆ್ಯನಾ ಮೇರಿ. ಹನ್ನೆರಡನೆಯ ವಯಸ್ಸಿಗೇ ಬೇರೆಯವರ ಮನೆಗೆಲಸಕ್ಕೆ ಹೋಗಬೇಕಾಯಿತು. 1887ರಲ್ಲಿ ತನ್ನ ಹಾಗೇ ಜಮೀನಿನಲ್ಲಿ ದುಡಿಯುತ್ತಿದ್ದ ಥಾಮಸ್ ಮೋಸಸ್ ಎಂಬವನನ್ನು ಮದುವೆಯಾದರು. ಹತ್ತು ಹೆತ್ತರು, ಐದನ್ನು ಎಳವೆಯಲ್ಲೇ ಕಳೆದುಕೊಂಡರು. ಬೆಣ್ಣೆ ಕಡೆದು ಮಾರಿದರು, ಆಲೂಗಡ್ಡೆ ಚಿಪ್ಸ್ ಕರಿದು ಮಾರಿದರು. ವಯಸ್ಸಾದ ಮೇಲೆ ಉಣ್ಣೆಯ ದಾರದಲ್ಲಿ ಚಿತ್ರಗಳನ್ನು ಹೊಲಿಯತೊಡಗಿದರು. ಸಂಧಿವಾತದಿಂದ ಬೆರಳು ಸೂಜಿ ಹಿಡಿಯದಂತಾದಾಗ, ಕುಂಚ ಹಿಡಿಯುವುದು ಸುಲಭ ಎಂದು ತಂಗಿ ಹೇಳಿದಳಂತೆ. ಹಾಗೆ, ಎಪ್ಪತ್ತೈದು ದಾಟಿದ ಮೇಲೆ, ಬಣ್ಣ ಕೈಗೆತ್ತಿಕೊಂಡರು. ಮುಂದೆ ಲೋಕವೆಲ್ಲ ಅವರನ್ನು 'ಗ್ರ್ಯಾಂಡ್‌ಮಾ ಮೋಸಸ್' ಎಂದು ಕರೆಯಿತು. ಹೆಸರಿನಲ್ಲಷ್ಟೇ ಮೋಸ, ಅಜ್ಜಿ ಸುಲಭಕ್ಕೆ ಮೋಸ ಹೋಗುವವರಾಗಿರಲಿಲ್ಲ.

ಯಾವ ಶಾಲೆಯಲ್ಲೂ ಚಿತ್ರ ಕಲಿತವರಲ್ಲ. ದೂರದ್ದು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣಬೇಕೆಂಬ ಲೆಕ್ಕಾಚಾರವನ್ನು ಪಾಠವಾಗಿ ಓದಿದವರಲ್ಲ. ಮೊದಲು ಮೇಲಿನ ಆಕಾಶ, ಆಮೇಲೆ ಬೆಟ್ಟ, ಆಮೇಲೆ ಮನೆ, ದನಕರು, ಎಲ್ಲಕ್ಕಿಂತ ಕೊನೆಗೆ ಜನ, ಹೀಗೆ ಮೇಲಿನಿಂದ ಕೆಳಕ್ಕೆ ಇಳಿಸಿಕೊಂಡು ಬರುತ್ತಿದ್ದರು. ಬರೆದದ್ದೆಲ್ಲ ತಾವು ಕಂಡು ಬಾಳಿದ ಬದುಕು. ಸೇಬಿನ ಹಣ್ಣನ್ನು ದೊಡ್ಡ ಹಂಡೆಯಲ್ಲಿ ಬೇಯಿಸುವುದು, ಹೆಂಗಸರೆಲ್ಲ ಸೇರಿ ಕೌದಿ ಹೊಲಿಯುವುದು, ಚಳಿಗಾಲ ಮುಗಿಯುವಾಗ ಮೇಪಲ್ ಮರದ ರಸ ಇಳಿಸಿ ಕಾಯಿಸಿ ಸಕ್ಕರೆ ಮಾಡುವುದು. ಈ ಕೊನೆಯದು ಥೇಟ್ ನಮ್ಮ ಆಲೆಮನೆಯ ಹಾಗೆ. ಮಕ್ಕಳು ಸುತ್ತ ನೆರೆದು ಬಿಸಿ ಪಾಕಕ್ಕೆ ಕಾಯುವುದೂ ಹಾಗೇ. ಬಿಸಿಲಿಗೆ ಹಿಮ ಮಿನುಗುವುದನ್ನು ಕಂಡಿದ್ದವರಾದ್ದರಿಂದ, ಚಿತ್ರದಲ್ಲಿನ ಹಿಮದ ಮೇಲೆ ಮಿನುಗುವ ಪುಡಿ ಉದುರಿಸುತ್ತಿದ್ದರು. ಕಲೆ ಬಲ್ಲವರು ಹಾಗೆ ಮಾಡುವುದಿಲ್ಲ ಅಂತ ತಿಳಿದವರು ಹೇಳಿದರೂ ಬಿಡಲಿಲ್ಲ. ಕಣ್ಣಿಗೆ ಹಿಮ ಮಿನುಗಿದ್ದು ನಿಜ ತಾನೇ!

1938ರಲ್ಲಿ ನ್ಯೂಯಾರ್ಕಿನ ಲೂಯಿ ಕಾಲ್ಡೋರ್ ಎಂಬ ಕಲಾಸಂಗ್ರಾಹಕ ಆ ದಾರಿಯಾಗಿ ಬಂದಾಗ ಔಷಧಿ ಅಂಗಡಿಯೊಂದರ ಕಿಟಕಿಯಲ್ಲಿ ಈ ಚಿತ್ರಗಳನ್ನು ಕಂಡ. ಅಂಗಡಿಯಲ್ಲಿದ್ದವನ್ನೆಲ್ಲ ಕೊಂಡು ಮನೆ ಹುಡುಕಿಕೊಂಡು ಹೋದ. ಅಜ್ಜಿ ಮನೆಯಲ್ಲಿರಲಿಲ್ಲ. ಸೊಸೆ, ಇನ್ನೂ ಹತ್ತು ಚಿತ್ರ ಇವೆ, ನಾಳೆ ಬನ್ನಿ ಎಂದುಬಿಟ್ಟಳು. ಅಜ್ಜಿ ಬಂದು ಎಣಿಸಿದರೆ ಇದ್ದದ್ದು ಒಂಬತ್ತೇ! ಸೊಸೆಯ ಮಾತು ಹುಸಿಯಾಗಬಾರದಲ್ಲ? ದೊಡ್ಡ ಚಿತ್ರವೊಂದನ್ನು ಎರಡು ಭಾಗ ಮಾಡಿ, ಎರಡಕ್ಕೂ ಚೌಕಟ್ಟು ಕೂರಿಸಿ, ಹತ್ತು ಎಣಿಸಿ ಕೊಟ್ಟರು. ಬೆಲೆ? ಚಿಕ್ಕದಕ್ಕೆ ಮೂರು ಡಾಲರ್, ದೊಡ್ಡದಕ್ಕೆ ಐದು. ಬಟ್ಟೆಯನ್ನು ಗಜದ ಲೆಕ್ಕದಲ್ಲಿ ಮಾರಿದ ಹಾಗೆ, ಅಳತೆಯ ಲೆಕ್ಕ! ನಗು ಬರುತ್ತದೆ. ಆದರೆ ಗಮನಿಸಿ, ತನ್ನ ಕೆಲಸಕ್ಕೆ ಬೆಲೆ ಹೇಳಲು ಆಕೆ ನಾಚಲಿಲ್ಲ. 'ಅಯ್ಯೋ, ಏನೋ ಗೀಚಿದ್ದೇನೆ, ಹಾಗೇ ತಗೊಂಡು ಹೋಗಿ' ಅನ್ನಲಿಲ್ಲ. 1940ರ ಅಕ್ಟೋಬರಿನಲ್ಲಿ, 80ನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ನಗರದಲ್ಲಿ ಅವರದೇ ಪ್ರದರ್ಶನ ನಡೆಯಿತು. 1961ರ ಡಿಸೆಂಬರಿನಲ್ಲಿ 101 ವರ್ಷ ತುಂಬಿ ಬಾಳಿ ಹೋಗುವ ಹೊತ್ತಿಗೆ ಬರೆದ ಚಿತ್ರಗಳು 1,500ಕ್ಕೂ ಹೆಚ್ಚು.

ಹೀಗೆ ಕಲಿಯದ ಕೈಯಿಂದ, ಕಂಡದ್ದನ್ನು ಕಂಡ ಹಾಗೆ ಬರೆಯುವ ಕಲೆಗೆ 'ಮುಗ್ಧ ಕಲೆ' ಎಂದೇ ಹೆಸರಿದೆ. ಅದರಲ್ಲಿ ಅಮ್ಮ ತೇರಿನಷ್ಟೇ ಎತ್ತರ ಇರಬಹುದು. ಏಳು ವರ್ಷದ ಹುಡುಗಿ ಜಾತ್ರೆಯಲ್ಲಿ ಅಮ್ಮನ ಕೈ ಹಿಡಿದು ನಿಂತಾಗ ಅಮ್ಮ ಎಷ್ಟು ಎತ್ತರ ಕಾಣುತ್ತಾಳೆ, ಹೇಳಿ? ಆ ಮಗನಿಗೆ ಈ ಪ್ರಶ್ನೆ ಕೇಳಬೇಕು.

ಆದರೆ ಸೋದರಿಯರೇ, ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ಮುಚ್ಚಿಟ್ಟರೆ ನಾನು ನಿಮಗೆ ಅರ್ಧ ಮಾತು ಹೇಳಿದ ಹಾಗೆ.

ಈ ಮುಗ್ಧ ಕಲೆಯಲ್ಲಿ ಬಲು ದೊಡ್ಡ ಹೆಸರು ಫ್ರಾನ್ಸಿನ ಆನ್ರಿ ರೂಸೋ ಎಂಬ ಚಿತ್ರಕಾರನದು. ಶಾಲೆಯ ಪಾಠದಲ್ಲಿ ಬರುವ ತತ್ವಜ್ಞಾನಿ ರೂಸೋ ಬೇರೆ, ಈತ ಬೇರೆ. 1844ರಲ್ಲಿ ಹುಟ್ಟಿದ ಈತ ಪ್ಯಾರಿಸ್ ನಗರದ ಸುಂಕದ ಕಟ್ಟೆಯಲ್ಲಿ ನೌಕರ. ಬಿಡುವಿನಲ್ಲಿ ತಾನೇ ಚಿತ್ರ ಕಲಿತ. 1886ರಿಂದ ಪ್ರದರ್ಶನಗಳಲ್ಲಿ ತನ್ನ ಚಿತ್ರ ಇಡತೊಡಗಿದಾಗ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಪತ್ರಿಕೆಗಳಲ್ಲಿ ಬಂದ ಗೇಲಿಯನ್ನೆಲ್ಲ ಕತ್ತರಿಸಿ, ಪುಸ್ತಕದಲ್ಲಿ ಅಂಟಿಸಿ ಇಟ್ಟುಕೊಂಡ. ಫ್ರಾನ್ಸ್ ಬಿಟ್ಟು ಎಲ್ಲೂ ಹೋಗದ ಮನುಷ್ಯ ದಟ್ಟ ಕಾಡು, ಹುಲಿ, ಸಿಂಹ ಬರೆದ. ನೋಡಿದ್ದು ಪ್ಯಾರಿಸ್ಸಿನ ಸಸ್ಯೋದ್ಯಾನದ ಗಿಡಗಳನ್ನು, ಚಿತ್ರದ ಪುಸ್ತಕಗಳನ್ನು ಅಷ್ಟೇ. 1897ರ ಒಂದು ಚಿತ್ರದಲ್ಲಿ, ಬೆಳುದಿಂಗಳ ಮರಳಿನಲ್ಲಿ ಒಬ್ಬ ಅಲೆಮಾರಿ ಹೆಂಗಸು ಮಲಗಿ ನಿದ್ದೆ ಹೋಗಿದ್ದಾಳೆ. ಪಕ್ಕದಲ್ಲಿ ನೀರಿನ ಹೂಜಿ, ತಂತಿವಾದ್ಯ. ಸಿಂಹವೊಂದು ಬಂದು ಅವಳನ್ನು ಮೂಸುತ್ತಿದೆ. ತನ್ನ ಹುಟ್ಟೂರಿಗೆ ಈ ಚಿತ್ರ ಕೊಂಡುಕೊಳ್ಳಿ ಎಂದು ಕೇಳಿದ, ಊರಿನವರು ಬೇಡವೆಂದರು. ಇಂದು ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ಇದೇ ರೂಸೋ 1907ರ ಡಿಸೆಂಬರಿನಲ್ಲಿ ಜೈಲು ಸೇರಿದ. ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ಪರಿಚಯದವನೊಬ್ಬ, ನನಗೊಂದು ಉಪಕಾರ ಮಾಡು ಎಂದು ಪುಸಲಾಯಿಸಿ, ಇವನ ಕೈಯಿಂದ ಸುಳ್ಳು ಹೆಸರಿನಲ್ಲಿ ಖಾತೆ ತೆರೆಸಿ, ನಕಲಿ ಕಾಗದದಿಂದ ಹಣ ತೆಗೆಸಿದ್ದ. 1909ರ ಜನವರಿಯಲ್ಲಿ ವಿಚಾರಣೆ ನಡೆದಾಗ ವಕೀಲರು ಹೂಡಿದ ವಾದ ಕೇಳಿ: ಇಂಥ ಚಿತ್ರ ಬರೆಯುವವನಿಗೆ ಮೋಸ ಮಾಡುವ ಬುದ್ಧಿ ಎಲ್ಲಿಂದ ಬರಬೇಕು ಎಂದು ಆತನ ಚಿತ್ರವನ್ನೇ ನ್ಯಾಯಾಲಯದಲ್ಲಿ ತೋರಿಸಿದರು! ಎರಡು ವರ್ಷದ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು, 100 ಫ್ರಾಂಕ್ ದಂಡ ಹಾಕಿ ಬಿಟ್ಟರು. ಆತ ನಿಜಕ್ಕೂ ಅಷ್ಟು ಮುಗ್ಧನೇ ಎಂದು ಕೇಳುವವರೂ ಇದ್ದಾರೆ. ಹರೆಯದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿದ್ದಾಗ ಸಣ್ಣ ಕಳವು ಮಾಡಿ ಶಿಕ್ಷೆ ಅನುಭವಿಸಿದವನೂ ಹೌದು. ಅಂತೂ 1910ರಲ್ಲಿ ತೀರಿಕೊಂಡಾಗ ಕೈಯಲ್ಲಿ ಕಾಸಿಲ್ಲದ ಬಡವ.

ಈ ಇಬ್ಬರ ಕತೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರ ಕಣ್ಣೂ ಮುಗ್ಧ. ಇಬ್ಬರ ಚಿತ್ರವೂ ಚೆಂದ. ಆದರೆ ಅಜ್ಜಿ ವ್ಯವಹಾರದಲ್ಲಿ ಎಣಿಸಿ ಕೊಟ್ಟರು, ಎಣಿಸಿ ತೆಗೆದುಕೊಂಡರು. ರೂಸೋ ಗೆಳೆಯನೆಂದು ಬಂದವನನ್ನು, 'ಇದು ಯಾಕೆ? ಸುಳ್ಳು ಹೆಸರು ಯಾಕೆ?' ಎಂದು ಕೇಳಿ ಅಲ್ಲಿಗೇ ಕೈಬಿಡಲಿಲ್ಲ. ಮುಗ್ಧವಾದ ಕಣ್ಣಿಟ್ಟುಕೊಂಡೂ ಲೆಕ್ಕದಲ್ಲಿ ಗಟ್ಟಿಯಾಗಿರಬಹುದು ಎಂಬುದಕ್ಕೆ ಅಜ್ಜಿ ಸಾಕ್ಷಿ. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಿಲ್ಲ.

ಹಾಗಾದರೆ ನಾವು ಬಿಡಬೇಕಾದದ್ದು ಆ ದಾಕ್ಷಿಣ್ಯವನ್ನು. ಎಲ್ಲ ಕಡೆಯೂ ಅಲ್ಲ. ನೆರೆಮನೆಯವರಿಗೆ ಒಂದು ಲೋಟ ಸಕ್ಕರೆ ಕೊಡುವಾಗ ದಾಕ್ಷಿಣ್ಯವಿರಲಿ. ಸಹಿ, ಹಣ, ಫೋನು, ಈ ಮೂರರಲ್ಲಿ ಬೇಡ. ಸೆರಗಿಗೆ ಗಂಟು ಹಾಕಿಕೊಳ್ಳಲು ನಾಲ್ಕು ಮಾತು ಹೇಳುತ್ತೇನೆ.

ಒಂದು: ಓದದ ಕಾಗದಕ್ಕೆ, ಖಾಲಿ ಕಾಗದಕ್ಕೆ ಸಹಿ ಬೇಡ, ಕೇಳುವವರು ಒಡಹುಟ್ಟಿದವರೇ ಆದರೂ. ಜಾಮೀನು 'ಹೆಸರಿಗೆ ಮಾತ್ರ' ಎಂಬುದು ಶುದ್ಧ ಸುಳ್ಳು. 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲ ತೆಗೆದವನಿಗೆ ಎಷ್ಟು ಹೊಣೆಯೋ ಜಾಮೀನು ನಿಂತವರಿಗೂ ಅಷ್ಟೇ ಹೊಣೆ. ನಾನು ಇದನ್ನು ಕಲಿತದ್ದು ಎರಡೆಳೆ ಸರ ಕೊಟ್ಟು. ನೀವು ಪುಕ್ಕಟೆ ಕಲಿಯಿರಿ.

ಎರಡು: ಒಟಿಪಿ, ಪಿನ್, ಕಾರ್ಡಿನ ಹಿಂದಿನ ಮೂರು ಅಂಕಿ, ಇವನ್ನು ಫೋನಿನಲ್ಲಿ ಯಾರಿಗೂ ಹೇಳಬಾರದು. ಬ್ಯಾಂಕಿನವರು ಇವನ್ನು ಕೇಳುವುದಿಲ್ಲ. ನಿಮಗೆ ಹಣ ಬರಬೇಕಾದರೆ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತುವುದು ಹಣ ಕೊಡುವಾಗ.

ಮೂರು: ಪೊಲೀಸರ ಉಡುಪು ತೊಟ್ಟು ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, ನಿಮ್ಮನ್ನು 'ಡಿಜಿಟಲ್ ಅರೆಸ್ಟ್' ಮಾಡಿದ್ದೇವೆ, ಯಾರಿಗೂ ಹೇಳಬೇಡಿ ಎಂದು ಹೆದರಿಸುವವರಿದ್ದಾರೆ. ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಬಂಧನವೇ ಇಲ್ಲ. 'ಯಾರಿಗೂ ಹೇಳಬೇಡಿ' ಎಂದ ಕೂಡಲೇ ಮನೆಯವರನ್ನೆಲ್ಲ ಕೂಗಿ ಕರೆಯಿರಿ.

ನಾಲ್ಕು: ಹಣ ಹೋಯಿತೆಂದು ಗೊತ್ತಾದ ತಕ್ಷಣ 1930 ನಂಬರಿಗೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಸೈಬರ್ ಮೋಸದ ದೂರಿಗೆಂದೇ ಇರುವ ನಂಬರು ಅದು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ಪತ್ರದ ಸೋದರಿ ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲವಂತೆ. ನೋಡಿ, ಮತ್ತದೇ 'ಏನಂದುಕೊಳ್ತಾರೋ'.

ಇವೆಲ್ಲದರ ಜೊತೆಗೆ ಒಂದು ಮಾತನ್ನು ಬಾಯಿಪಾಠ ಮಾಡಿಕೊಳ್ಳಿ. "ಓದಿ ನೋಡಿ ಆಮೇಲೆ ಹೇಳ್ತೀನಿ." ಮೊದಮೊದಲು ನಾಲಿಗೆ ತೊದಲುತ್ತದೆ. ಕನ್ನಡಿಯ ಮುಂದೆ ನಿಂತು ನಾಲ್ಕು ಸಲ ಹೇಳಿ ರೂಢಿಸಿಕೊಳ್ಳಿ. ಒಳ್ಳೆಯವರಾದರೆ ಕಾಯುತ್ತಾರೆ. ಕಾಯಲಾರೆ, ಈಗಲೇ ಆಗಬೇಕು ಎನ್ನುವವರ ಬಗ್ಗೆ ಅನುಮಾನ ಪಡಲು ಅಷ್ಟೇ ಸಾಕು.

ಮನೆಯ ಮಕ್ಕಳಿಗೂ ಒಂದು ಮಾತು. ಈ ಪುಟವನ್ನು ಅವರ ಕೈಗೆ ಸಿಗುವ ಹಾಗೆ ಇಟ್ಟುಬಿಡಿ. ಅಮ್ಮನಿಗೆ ಫೋನು ಕೊಡಿಸಿದ ಮೇಲೆ ಅದರ ಒಳ್ಳೆಯದು, ಕೆಟ್ಟದ್ದು ಎರಡನ್ನೂ ತಾಳ್ಮೆಯಿಂದ ಹೇಳಿಕೊಡಬೇಕಾದವರು ನೀವು. ಅಕ್ಷರ ತಿದ್ದಿಸುವಾಗ ನಿಮ್ಮ 'ಅ' ಎಷ್ಟು ಸಲ ಸೊಟ್ಟಗಾಗಿತ್ತು, ಆಕೆ ನಕ್ಕಿದ್ದರೇ?

ಕೊನೆಯದಾಗಿ ನಮ್ಮ ಅತ್ತೆಯವರ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಧಾರಾವಾಹಿ ಬರತೊಡಗಿದಾಗ, ನಮ್ಮ ಮನೆಯ ಟಿ.ವಿ.ಗೆ ಪ್ರತಿ ಭಾನುವಾರ ಬೆಳಿಗ್ಗೆ ಅರಿಸಿನ ಕುಂಕುಮ ಇಟ್ಟು ಆರತಿ ಎತ್ತುತ್ತಿದ್ದವರು ಅವರು. ಅವರಿಗೆ ಹಿಂದಿ ಒಂದಕ್ಷರ ಬಾರದು. ಸೀತಮ್ಮನವರು ಅತ್ತರೆ ಇವರೂ ಅಳುತ್ತಿದ್ದರು. ಕಾಮನಬಿಲ್ಲು ಮೂಡಿದರೆ ಒಲೆಯ ಮೇಲಿನ ಹಾಲು ಮರೆತು ಅಂಗಳಕ್ಕೆ ಓಡಿ, "ಬನ್ರೋ, ಬನ್ರೇ" ಎಂದು ಮನೆಮಂದಿಯನ್ನೆಲ್ಲ ಕರೆಯುತ್ತಿದ್ದರು, ಎಪ್ಪತ್ತರ ವಯಸ್ಸಿನಲ್ಲೂ. ನಾವು ಹಿಂದಿನಿಂದ ನಗುತ್ತಿದ್ದೆವು. ಈಗ ಯೋಚಿಸಿದರೆ, ಆ ಮನೆಯಲ್ಲಿ ನಿಜವಾದ ಮುಗ್ಧೆ ಅವರೇ. ಆದರೆ ಓದಿ ಹೇಳದ ಕಾಗದಕ್ಕೆ ಒಂದೇ ಒಂದು ಸಲವೂ ಅವರ ಹೆಬ್ಬೆಟ್ಟು ಬೀಳಲಿಲ್ಲ.

ಆದ್ದರಿಂದ, ಪತ್ರ ಬರೆದ ಸೋದರಿಗೆ ನನ್ನ ಉತ್ತರ ಇಷ್ಟು. ಮುಗ್ಧತೆ ತಪ್ಪಲ್ಲಮ್ಮ. ಜನರನ್ನು ನಂಬಿ, ಆದರೆ ಕೇಳಿ ನಂಬಿ. ಹಪ್ಪಳಕ್ಕೆ ಬಂದವರನ್ನು ಒಳಗೆ ಕರೆದು ಕೂರಿಸಿ, ಮೊದಲಿನ ಹಾಗೆ ಮಾತಾಡಿಸಿ. ಇನ್ನು ಯಾರಾದರೂ "ಪಾಪ, ಮುಗ್ಧೆ" ಎಂದು ನಕ್ಕರೆ, "ಹೌದು, ಈಗ ಕೇಳೋದನ್ನೂ ಕಲಿತಿದ್ದೀನಿ" ಎಂದು ನೀವೂ ನಕ್ಕುಬಿಡಿ.

ಆ ಸೀರೆಯಲ್ಲಿ ತೇರಿನ ಹಗ್ಗ ಅರ್ಧಕ್ಕೇ ನಿಂತಿದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಹಗ್ಗವಿಲ್ಲದೆ ತೇರು ಎಳೆಯುವುದು ಹೇಗೆ? ಟ್ರಂಕು ತೆಗೆಯಿರಿ. ಒಂದು ಮಧ್ಯಾಹ್ನ ಬೆಳಕು ಚೆನ್ನಾಗಿರುವಾಗ ಜಗಲಿಯಲ್ಲಿ ಕುಳಿತು ಅದನ್ನು ಮುಗಿಸಿ. ಅಮ್ಮನನ್ನು ಮಾತ್ರ ಒಂದು ಎಳೆಯೂ ಗಿಡ್ಡ ಮಾಡಬೇಡಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.

ನಿಮ್ಮ ಅಕ್ಕ